ಗಾಯ ಮಾಗಿದ ಮೇಲೂ ಮಗು ಸೊರಗುವುದೇಕೆ?

ಅಡಿಕೆ ಕೊಯ್ಲಿನ ದಿನಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಅಡಿಕೆ ಬೇಯಿಸುವ ಹಂಡೆ ಹೊತ್ತುಹೊತ್ತಿಗೂ ಕುದಿಯುತ್ತಿರುತ್ತದೆ. ಅದರ ಹಿಂದೆಯೇ ಆಲೆಮನೆಯ ಕಾಲ ಬರುತ್ತದೆ. ಘಟ್ಟದ ಕೆಳಗೆ ಬಚ್ಚಲ ಒಲೆಯೂ ಅಡುಗೆಮನೆಯೂ ವರ್ಷವಿಡೀ ಇದ್ದೇ ಇವೆ. ಮಕ್ಕಳು ಸುಟ್ಟುಕೊಂಡಾಗ ಮೊದಲು ಏನು ಮಾಡಬೇಕೆಂದು ಕೇಳುವ ಪತ್ರಗಳು ಈ ಅಂಕಣಕ್ಕೆ ಹಿಂದೆಯೂ ಬಂದಿವೆ. ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಹಾಕಿ, ಟೂತ್‌ಪೇಸ್ಟ್, ತುಪ್ಪ, ಅರಿಶಿನ ಯಾವುದನ್ನೂ ಹಚ್ಚದೆ, ಸ್ವಚ್ಛ ಬಟ್ಟೆ ಹೊದೆಸಿ ಆಸ್ಪತ್ರೆಗೆ ಒಯ್ಯಬೇಕೆಂಬ ಉತ್ತರ ಇಂದಿಗೂ ಅದೇ. ಈ ಸಲದ ಪತ್ರಗಳು ಬೇರೆ. ಇವು ಆಸ್ಪತ್ರೆಯಿಂದ ಮನೆಗೆ ಮರಳಿದ ಮಕ್ಕಳ ಕುರಿತಾದವು. ಬರೆದವರ ಹೆಸರುಗಳನ್ನು ಅವರ ಇಚ್ಛೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ಏಳು ವರ್ಷದ ಮಗ ಅಡಿಕೆ ಹಂಡೆಯ ಕುದಿನೀರು ಮೈಮೇಲೆ ಬಿದ್ದು ಬೆನ್ನು, ಹೊಟ್ಟೆ, ಎರಡೂ ತೊಡೆ ಸುಟ್ಟುಕೊಂಡ. ದೇಹದ ಶೇ 40ರಷ್ಟು ಸುಟ್ಟಿದೆ ಎಂದು ಆಸ್ಪತ್ರೆಯ ಕಾಗದದಲ್ಲಿದೆ. ಎರಡು ತಿಂಗಳು ಅಲ್ಲಿದ್ದು, ಚರ್ಮ ಕಸಿ ಮಾಡಿಸಿಕೊಂಡು ಮನೆಗೆ ಬಂದಿದ್ದೇವೆ. ಗಾಯ ಪೂರ್ತಿ ಮಾಗಿದೆ. ಆದರೆ 22 ಕಿಲೋ ಇದ್ದವನು 18ಕ್ಕೆ ಇಳಿದಿದ್ದಾನೆ, ಕೈಕಾಲು ಕಡ್ಡಿಯಾಗಿವೆ. ತೊಗರಿಬೇಳೆ, ಉದ್ದು, ಶೇಂಗಾ, ಬದನೆ ಎಲ್ಲವೂ ನಂಜೆಂದು ಅತ್ತೆಯವರು ಗಂಜಿ, ಜೀರಿಗೆ ಸಾರು, ತಂಬುಳಿ ಅನ್ನವನ್ನಷ್ಟೇ ಕೊಡಿಸುತ್ತಿದ್ದಾರೆ. ಹೊಟ್ಟೆ ತುಂಬ ಉಂಡರೂ ಮೈ ಹಿಡಿಯುತ್ತಿಲ್ಲ. ಹೊಟ್ಟೆಹುಳವಿರಬಹುದೇ?

ಉತ್ತರ: ಹುಳದ ಔಷಧವನ್ನು ಎಲ್ಲ ಮಕ್ಕಳಿಗೂ ಆರು ತಿಂಗಳಿಗೊಮ್ಮೆ ಕೊಡುವುದು ಸರಿಯೇ. ಆದರೆ ನಿಮ್ಮ ಮಗ ಸೊರಗಿದ್ದಕ್ಕೆ ಅದು ಕಾರಣವಲ್ಲ, ತಾಯಿ. ಅವನ ಚರ್ಮ ಮುಚ್ಚಿಕೊಂಡಿದೆ, ದೇಹದೊಳಗೆ ಮಾತ್ರ ಆ ಸುಟ್ಟ ಗಾಯದ ಪರಿಣಾಮ ಇನ್ನೂ ನಡೆಯುತ್ತಲೇ ಇದೆ. ಇದನ್ನು ಮನೆಯವರೆಲ್ಲರೂ ಅರ್ಥ ಮಾಡಿಕೊಳ್ಳುವುದು ಅಗತ್ಯವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ದೇಹದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಚರ್ಮ ಸುಟ್ಟಾಗ ಪೆಟ್ಟು ಚರ್ಮಕ್ಕಷ್ಟೇ ನಿಲ್ಲುವುದಿಲ್ಲ. ಅಡ್ರಿನಾಲಿನ್ ಮತ್ತು ಅದೇ ಗುಂಪಿನ ಹಾರ್ಮೋನುಗಳು ರಕ್ತದಲ್ಲಿ ಹಲವು ಪಟ್ಟು ಏರುತ್ತವೆ, ಅವುಗಳ ಜೊತೆಗೆ ಕಾರ್ಟಿಸೋಲ್ ಮತ್ತು ಗ್ಲುಕಗಾನ್ ಕೂಡ ಏರುತ್ತವೆ. ಎದೆಬಡಿತ ಜೋರಾಗುತ್ತದೆ, ಮೈ ಸದಾ ಬೆಚ್ಚಗಿರುತ್ತದೆ, ಸುಮ್ಮನೆ ಮಲಗಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿ ಮಾಮೂಲಿಗಿಂತ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟಿನ ಹತ್ತಿರಕ್ಕೆ ಹೋಗುತ್ತದೆ. ರಕ್ತದ ಸಕ್ಕರೆಯನ್ನು ಒಳಗೆ ಸೇರಿಸುವ ಇನ್ಸುಲಿನ್‌ನ ಮಾತನ್ನು ಸ್ನಾಯುಗಳು ಕೇಳುವುದಿಲ್ಲ. ಹೊಸ ಚರ್ಮ ಕಟ್ಟಲು ಬೇಕಾದ ಅಮೈನೋ ಆಮ್ಲಗಳೆಂಬ ಪ್ರೋಟೀನಿನ ಬಿಡಿಭಾಗಗಳನ್ನೂ, ಯಕೃತ್ತು ಗ್ಲುಕೋಸ್ ತಯಾರಿಸಲು ಬೇಕಾದ ಕಚ್ಚಾ ವಸ್ತುವನ್ನೂ ದೇಹ ತನ್ನ ಸ್ನಾಯುಗಳನ್ನೇ ಒಡೆದು ಪಡೆಯುತ್ತದೆ. ಸೌದೆ ಮುಗಿದ ಮನೆಯವರು ಮಾಡಿನ ಜಂತಿಯನ್ನೇ ಇಳಿಸಿ ಒಲೆಗಿಟ್ಟ ಹಾಗೆ. 1930ರ ದಶಕದಲ್ಲಿ ಸ್ಕಾಟ್ಲೆಂಡಿನ ವೈದ್ಯ ಡೇವಿಡ್ ಕತ್‌ಬರ್ಟ್‌ಸನ್ ಮೂಳೆ ಮುರಿದವರಲ್ಲಿ ಪ್ರೋಟೀನ್ ಒಡೆದು ಮೂತ್ರದಲ್ಲಿ ಹೋಗುವ ಸಾರಜನಕವನ್ನು ಅಳೆದು, ಪೆಟ್ಟು ಬಿದ್ದ ಜಾಗವೊಂದರಿಂದಲೇ ಇಷ್ಟು ನಷ್ಟವಾಗಲಾರದು, ಇಡೀ ಮೈಯ ಸ್ನಾಯು ಕರಗುತ್ತಿದೆ ಎಂದು ತೋರಿಸಿದರು. ಎಲ್ಲ ಬಗೆಯ ಪೆಟ್ಟುಗಳಲ್ಲಿ ಈ ಕರಗುವಿಕೆ ಅತಿ ಹೆಚ್ಚಾಗಿ, ಅತಿ ದೀರ್ಘವಾಗಿ ಕಾಣುವುದು ದೊಡ್ಡ ಸುಟ್ಟ ಗಾಯಗಳಲ್ಲಿ. ಗಾಯ ಮುಚ್ಚಿದ ಮೇಲೆ ಅದು ನಿಧಾನವಾಗಿ ಇಳಿಯುತ್ತದೆಯೇ ಹೊರತು ಒಮ್ಮೆಲೇ ನಿಲ್ಲುವುದಿಲ್ಲ. ವರ್ಷ ಕಳೆದ ಮೇಲೂ ಅದರ ಗುರುತು ಉಳಿದಿರುತ್ತದೆ, ಕೆಲವು ಮಕ್ಕಳಲ್ಲಿ ಎರಡು ಮೂರು ವರ್ಷಗಳವರೆಗೂ. ದೊಡ್ಡವರಿಗಿಂತ ಮಕ್ಕಳಿಗೆ ಇದು ಹೆಚ್ಚು ಕಷ್ಟ, ಏಕೆಂದರೆ ಅವರಲ್ಲಿ ಸ್ನಾಯುವಿನ ದಾಸ್ತಾನು ಕಡಿಮೆ, ಅದರ ಮೇಲೆ ಬೆಳವಣಿಗೆಗೂ ಅದರಿಂದಲೇ ಪಾಲು ಸಲ್ಲಬೇಕು.

ಇನ್ನು ಪಥ್ಯದ ವಿಷಯ. ನಿಮ್ಮ ಅತ್ತೆಯವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸುಟ್ಟ ಗಾಯ ಕೀವಾಗಿ ಮಕ್ಕಳು ಉಳಿಯದೆ ಹೋದದ್ದನ್ನು ಆ ತಲೆಮಾರು ಕಣ್ಣಾರೆ ಕಂಡಿದೆ. ಆದರೆ ಆ ಕೀವಿಗೆ ಕಾರಣ ಬೇಳೆಯಲ್ಲ, ಗಾಯಕ್ಕೆ ಹೊಕ್ಕ ರೋಗಾಣು. ರೋಗಾಣುವಿನೊಡನೆ ಹೋರಾಡುವ ರಕ್ಷಣಾ ಪ್ರೋಟೀನುಗಳನ್ನು ದೇಹ ತಯಾರಿಸುವುದು ನಾವು ತಿಂದ ಬೇಳೆ, ಹಾಲು, ಕಾಳುಗಳಿಂದಲೇ. ಸ್ನಾಯು ಮುಂತಾದ ಕೊಬ್ಬಲ್ಲದ ಅಂಗಾಂಶದಲ್ಲಿ ಹತ್ತನೇ ಒಂದು ಪಾಲು ಹೋದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಐದನೇ ಒಂದು ಪಾಲು ಹೋದರೆ ಗಾಯ ಮಾಯುವುದೇ ನಿಧಾನವಾಗುತ್ತದೆ, ಇನ್ನೂ ಇಳಿದರೆ ಕೆಮ್ಮಿ ಕಫ ಹೊರಹಾಕುವ ಬಲವೂ ಉಳಿಯದೆ ನ್ಯುಮೋನಿಯಾ ಹತ್ತಿರ ಬರುತ್ತದೆ. ಎಂದರೆ ಯಾವ ನಂಜಿಗೆ ಹೆದರಿ ಪಥ್ಯ ಮಾಡಿಸುತ್ತಿದ್ದೀರೋ, ಆ ನಂಜಿಗೇ ಪಥ್ಯ ದಾರಿ ಮಾಡಿಕೊಡುತ್ತದೆ. ಈ ಮಾತನ್ನು ಅತ್ತೆಯವರಿಗೆ ದಯವಿಟ್ಟು ಓದಿ ಹೇಳಿ. ಅವರನ್ನು ದೂರಿ ಅಲ್ಲ, ಅವರ ಕಾಳಜಿಯನ್ನೇ ನೆಚ್ಚಿ ಹೇಳಿ.

ಆರೋಗ್ಯವಂತ ಮಗುವಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ ಸುಮಾರು 1 ಗ್ರಾಂ ಪ್ರೋಟೀನ್ ಸಾಕು. ದೊಡ್ಡ ಸುಟ್ಟ ಗಾಯವಾದ ಮಗುವಿಗೆ 1.5ರಿಂದ 3 ಗ್ರಾಂ ವರೆಗೆ ಬೇಕೆನ್ನುತ್ತಾರೆ. ನಿಮ್ಮ ಮಗನ 18 ಕಿಲೋಗೆ ದಿನಕ್ಕೆ 40 ಗ್ರಾಂ ಆಸುಪಾಸು ಎಂದು ಇಟ್ಟುಕೊಳ್ಳೋಣ. ಗಂಜಿ, ಜೀರಿಗೆ ಸಾರು, ತಂಬುಳಿ ಅನ್ನದಲ್ಲಿ ಇದರ ಅರ್ಧವೂ ಸಿಗುವುದಿಲ್ಲ. ಎರಡು ದೊಡ್ಡ ಲೋಟ ಹಾಲಿನಿಂದ ಹನ್ನೆರಡು ಹದಿಮೂರು ಗ್ರಾಂ, ಎರಡು ಬಟ್ಟಲು ಗಟ್ಟಿ ಬೇಳೆಯಿಂದ ಹನ್ನೆರಡು, ಒಂದು ಹಿಡಿ ಶೇಂಗಾದಿಂದ ಏಳು, ಒಂದು ಬಟ್ಟಲು ಗಟ್ಟಿ ಮೊಸರಿನಿಂದ ಐದು, ಉಳಿದದ್ದು ಅನ್ನ ದೋಸೆಗಳಿಂದ. ಶುದ್ಧ ಸಸ್ಯಾಹಾರದಲ್ಲೇ ಲೆಕ್ಕ ಮುಟ್ಟಿತು. ಉದ್ದಿನ ದೋಸೆ, ಮೊಳಕೆ ಹೆಸರಿನ ಕೋಸಂಬರಿ, ಅಲಸಂದೆಯ ಹುಳಿ, ಶೇಂಗಾ ಬೆಲ್ಲದ ಉಂಡೆ, ಎಲ್ಲವೂ ಅವನಿಗೆ ಔಷಧವೇ. ತಂಬುಳಿ ಬಿಡಬೇಕಾಗಿಲ್ಲ, ಅದನ್ನೇ ಊಟವೆಂದು ತಿಳಿಯಬಾರದು ಅಷ್ಟೆ. ಮೂರು ಹೊತ್ತಿನ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಪಥ್ಯ ಬಿಟ್ಟ ಮನೆಯವರು ಇನ್ನೊಂದು ತುದಿಗೆ ಹೋಗಿ ತುಪ್ಪ, ಸಕ್ಕರೆ ತುಂಬಿಸುವುದುಂಟು. ಈ ಮಕ್ಕಳಲ್ಲಿ ಹೆಚ್ಚುವರಿ ಶಕ್ತಿ ಕೊಬ್ಬಾಗಿ, ಯಕೃತ್ತಿನಲ್ಲೂ ಸೇರಿಕೊಳ್ಳುತ್ತದೆ, ಸ್ನಾಯುವಾಗುವುದಿಲ್ಲ. ತೂಕ ಏರಿತೆಂದು ಮನೆಯವರು ನೆಮ್ಮದಿಪಡುತ್ತಾರೆ, ಮಗು ಮಾತ್ರ ಮೆಟ್ಟಿಲು ಹತ್ತಲಾರದು. ಸ್ನಾಯು ಮರಳಿ ಕಟ್ಟಬೇಕಾದರೆ ಊಟದ ಜೊತೆ ಕೆಲಸವೂ ಬೇಕು. ಅದನ್ನು ಕಾರವಾರದ ಓದುಗರ ಪ್ರಶ್ನೆಗೆ ಉತ್ತರವಾಗಿ ಕೆಳಗೆ ಬರೆದಿದ್ದೇನೆ, ನೀವೂ ಓದಿ.

ಪ್ರಶ್ನೆ: ಐದು ವರ್ಷದ ಮೊಮ್ಮಗಳಿಗೆ ಸುಟ್ಟ ಗಾಯವಾಗಿ ನಾಲ್ಕು ತಿಂಗಳಾಯಿತು. ಮನೆಗೆ ಕಳಿಸುವಾಗ ಪ್ರೊಪ್ರಾನೊಲಾಲ್ ಎಂಬ ಔಷಧ ಬರೆದುಕೊಟ್ಟಿದ್ದಾರೆ. ಇದು ಹೃದಯಕ್ಕೂ ಬಿಪಿಗೂ ಕೊಡುವ ಮಾತ್ರೆಯೆಂದು ಅಂಕೋಲೆಯ ಔಷಧ ಅಂಗಡಿಯಲ್ಲಿ ತಿಳಿಯಿತು. ಮಗುವಿನ ಹೃದಯಕ್ಕೂ ಪೆಟ್ಟಾಗಿದೆಯೇ? ನಿಲ್ಲಿಸಿಬಿಡಬಹುದೇ?

ಉತ್ತರ: ಅಜ್ಜನವರೇ, ಮೊಮ್ಮಗಳ ಹೃದಯಕ್ಕೆ ರೋಗ ಬಂದಿದೆಯೆಂದು ಈ ಔಷಧ ಕೊಟ್ಟಿರಲಾರರು. ಮೇಲೆ ಹೇಳಿದ ಅಡ್ರಿನಾಲಿನ್‌ನ ಅಬ್ಬರವನ್ನು ತಗ್ಗಿಸಲು ಕೊಟ್ಟಿದ್ದಾರೆ. ಅಡ್ರಿನಾಲಿನ್ ಹೋಗಿ ಕೂರುವ ಜಾಗಗಳನ್ನು ಪ್ರೊಪ್ರಾನೊಲಾಲ್ ಮೊದಲೇ ಹಿಡಿದುಕೊಳ್ಳುತ್ತದೆ. ಅದರಿಂದ ಎದೆಬಡಿತ ಇಳಿಯುತ್ತದೆ, ವೃಥಾ ಖರ್ಚಾಗುವ ಶಕ್ತಿ ಕಡಿಮೆಯಾಗುತ್ತದೆ, ಸ್ನಾಯು ಒಡೆಯುವುದು ತಗ್ಗುತ್ತದೆ. 2001ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಗಾಲ್ವೆಸ್ಟನ್‌ನಲ್ಲಿ ಡೇವಿಡ್ ಹರ್ನ್‌ಡನ್ ಮತ್ತು ಸಂಗಡಿಗರು ಶೇ 40ಕ್ಕಿಂತ ಹೆಚ್ಚು ಸುಟ್ಟ 25 ಮಕ್ಕಳಲ್ಲಿ ನಡೆಸಿದ ಅಧ್ಯಯನ ಈ ಚಿಕಿತ್ಸೆಗೆ ಬಲ ತಂದಿತು. ಔಷಧ ಪಡೆದ ಮಕ್ಕಳ ಎದೆಬಡಿತ ಸುಮಾರು ಐದನೇ ಒಂದರಷ್ಟು ಇಳಿಯಿತು. ಅವರ ಸ್ನಾಯುವಿನ ಪ್ರೋಟೀನ್ ಲೆಕ್ಕ, ಅಂದರೆ ಕಟ್ಟಿದ್ದಕ್ಕೂ ಒಡೆದದ್ದಕ್ಕೂ ಇರುವ ವ್ಯತ್ಯಾಸ, ಮೊದಲಿಗಿಂತ ಸುಧಾರಿಸಿತು, ಔಷಧ ಪಡೆಯದ ಮಕ್ಕಳದು ಇನ್ನೂ ಹದಗೆಟ್ಟಿತು. ಮುಂದೆ ಕೆಲವು ಕೇಂದ್ರಗಳಲ್ಲಿ ಇದನ್ನು ಒಂದು ವರ್ಷದವರೆಗೂ ಕೊಡುವ ರೂಢಿ ಬಂದಿದೆ.

ಹೀಗಾಗಿ ನೀವಾಗಿಯೇ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಎದೆಬಡಿತ ಮತ್ತೆ ಜೋರಾಗಿ ತೊಂದರೆಯಾಗಬಹುದು. ನಿಲ್ಲಿಸುವ ಕಾಲ ಬಂದಾಗ ವೈದ್ಯರೇ ಹಂತಹಂತವಾಗಿ ಇಳಿಸುತ್ತಾರೆ. ಎರಡು ಸಂಗತಿಗಳನ್ನು ಮಾತ್ರ ಮನೆಯವರೆಲ್ಲರೂ ನೆನಪಿಟ್ಟುಕೊಳ್ಳಬೇಕು. ಮಗು ವಾಂತಿ ಮಾಡುತ್ತಿದ್ದರೆ, ಊಟವನ್ನೇ ಬಿಟ್ಟಿದ್ದರೆ, ಆ ಹೊತ್ತಿನ ಔಷಧ ಕೊಡುವ ಮುನ್ನ ವೈದ್ಯರಿಗೆ ಫೋನ್ ಮಾಡಿ ಕೇಳಿ, ಏಕೆಂದರೆ ಖಾಲಿ ಹೊಟ್ಟೆಯಲ್ಲಿ ಈ ಔಷಧ ಸಕ್ಕರೆಯ ಪ್ರಮಾಣವನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಮಂಪರು, ಬೆವರು, ನಡುಕ ಕಂಡರೆ ಕೂಡಲೇ ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಹೋಗಿ. ಕುಡಿಯಲಾರದಷ್ಟು ಮಂಪರಿದ್ದರೆ ಬಾಯಿಗೆ ಏನನ್ನೂ ಹಾಕದೆ ನೇರ ಹೊರಡಿ. ಮಗುವಿಗೆ ಹಿಂದೆ ಉಬ್ಬಸವಿದ್ದರೆ, ಅಥವಾ ಈಗ ಉಸಿರಿನಲ್ಲಿ ಸುಂಯ್‌ಗುಡುವ ಸದ್ದು ಬಂದರೆ, ಅದನ್ನೂ ತಡಮಾಡದೆ ತಿಳಿಸಿ. ಉಬ್ಬಸದ ಮಕ್ಕಳಿಗೆ ಈ ಔಷಧ ಆಗಿಬರುವುದಿಲ್ಲ.

ಪ್ರಶ್ನೆ: ಕಾರವಾರದ ಮೀನುಗಾರ ಕುಟುಂಬ ನಮ್ಮದು. ಹತ್ತು ವರ್ಷದ ಮಗಳಿಗೆ ಸ್ಟೋವ್‌ನ ಬೆಂಕಿಯಿಂದ ಎರಡೂ ಕಾಲು, ಸೊಂಟ ಸುಟ್ಟು ಮೂರು ತಿಂಗಳಾಗಿದೆ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕಲಿಸಿದ್ದರು. ಮನೆಯಲ್ಲಿ ಮಾಡಿಸಲು ಹೋದರೆ ನೋವೆಂದು ಅಳುತ್ತಾಳೆ, ಮಂಡಿ ಮಡಚಿ ಮಲಗಿದರೆ ಮಾತ್ರ ಆರಾಮ. ಇಷ್ಟು ಸೊರಗಿದ ಮಗುವಿಗೆ ವಿಶ್ರಾಂತಿ ಕೊಡಿ ಎಂದು ನೆಂಟರೆಲ್ಲ ಹೇಳುತ್ತಾರೆ. ಪದೇ ಪದೇ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗುವ ಅನುಕೂಲ ನಮಗಿಲ್ಲ.

ಉತ್ತರ: ಸೊರಗಿದ ಮಗುವಿಗೆ ವಿಶ್ರಾಂತಿ ಕೊಡಬೇಕೆನಿಸುವುದು ಸಹಜ, ಆದರೆ ಇಲ್ಲಿ ವಿಶ್ರಾಂತಿಯಿಂದ ಅವಳು ಇನ್ನಷ್ಟು ಸೊರಗುತ್ತಾಳೆ. ಆರೋಗ್ಯವಂತರ ಸ್ನಾಯುವೂ ಹಾಸಿಗೆಯಲ್ಲಿ ಕೆಲವು ವಾರ ಕಳೆದರೆ ಕ್ಷೀಣಿಸುತ್ತದೆ. ಈಗಾಗಲೇ ಒಳಗಿನಿಂದ ಕರಗುತ್ತಿರುವ ಸ್ನಾಯುವಿಗೆ ಕೆಲಸವನ್ನೂ ತಪ್ಪಿಸಿದರೆ ಎರಡು ಕಡೆಯಿಂದ ನಷ್ಟ. ಇದಕ್ಕಿಂತ ತುರ್ತಿನ ವಿಷಯ ಮಂಡಿಯದು. ಮಾಗುತ್ತಿರುವ ಚರ್ಮ ತಿಂಗಳುಗಟ್ಟಲೆ ಒಳಕ್ಕೆ ಎಳೆಯುತ್ತಲೇ ಇರುತ್ತದೆ. ಮಗು ಯಾವ ಭಂಗಿಯಲ್ಲಿ ಆರಾಮವಾಗಿ ಮಲಗುತ್ತದೆಯೋ ಅದೇ ಭಂಗಿಯಲ್ಲಿ ಕೀಲು ಬಿಗಿದುಕೊಳ್ಳುತ್ತದೆ, ಹಾಗೆ ಬಿಗಿದ ಮೇಲೆ ಬಿಡಿಸಲು ಮತ್ತೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಆದ್ದರಿಂದ ಮಲಗುವಾಗ ಮಂಡಿಯ ಕೆಳಗೆ ದಿಂಬು ಇಡಬೇಡಿ. ಕಾಲು ನೀಡಿಯೇ ಇರಲಿ. ಕೊಟ್ಟಿರುವ ಪಟ್ಟಿ, ಕೀಲನ್ನು ನೆಟ್ಟಗೆ ಹಿಡಿದಿಡುವ ಸ್ಪ್ಲಿಂಟ್ ಇದ್ದರೆ ರಾತ್ರಿಯಿಡೀ ಕಟ್ಟಿ.

ಅಳುವ ಮಗುವಿಗೆ ವ್ಯಾಯಾಮ ಮಾಡಿಸುವುದು ತಂದೆತಾಯಿಗೆ ಎಷ್ಟು ಕಷ್ಟವೆಂಬುದು ನನಗೆ ಗೊತ್ತು. ನೋವಿನ ಔಷಧವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಅರ್ಧ ಗಂಟೆ ಮೊದಲೇ ಕೊಡಿ. ಬೆಚ್ಚನೆಯ ನೀರಿನ ಸ್ನಾನವಾದ ಮೇಲೆ, ಕಲೆಯ ಚರ್ಮಕ್ಕೆ ತೆಂಗಿನೆಣ್ಣೆ ಸವರಿ, ಮೆತ್ತಗಾದ ಹೊತ್ತಿನಲ್ಲಿ ಮಾಡಿಸಿ. ಒಂದೇ ಸಲ ಬಹಳ ಹೊತ್ತು ಬೇಡ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಇರಲಿ. ನಿಧಾನವಾಗಿ ಎಳೆದು, ಚರ್ಮ ಬಿಗಿದು ಬಿಳಿಚಿಕೊಂಡಲ್ಲಿ ಹಾಗೆಯೇ ಹಿಡಿದು ನಿಲ್ಲಿಸುವುದು ಸರಿಯಾದ ಕ್ರಮ. ಜೋರಾಗಿ ಜಗ್ಗಬಾರದು.

ಕೀಲು ಬಿಡಿಸುವುದು ಮೊದಲ ಕೆಲಸವಾದರೆ ಬಲ ಕಟ್ಟುವುದು ಎರಡನೆಯದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಗಾಲ್ವೆಸ್ಟನ್‌ನಲ್ಲೇ 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ದೊಡ್ಡ ಸುಟ್ಟ ಗಾಯವಾಗಿ ಆರು ತಿಂಗಳಾಗಿದ್ದ ಮಕ್ಕಳಿಗೆ 12 ವಾರಗಳ ಕಾಲ ಭಾರ ಎತ್ತುವ ವ್ಯಾಯಾಮವನ್ನು ಮೇಲ್ವಿಚಾರಣೆಯಲ್ಲಿ ಮಾಡಿಸಿದಾಗ ಸ್ನಾಯುವಿನ ಬಲವೂ ಗಾತ್ರವೂ ಹೆಚ್ಚಿದವು. ಕರಗಿದ ಸ್ನಾಯು ಮರಳಿ ಬರುತ್ತದೆ ಎಂಬ ಭರವಸೆಗೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. ನಿಮ್ಮ ಮನೆಯಲ್ಲಿ ಜಿಮ್ ಬೇಕಾಗಿಲ್ಲ. ಗಾಯ ಪೂರ್ತಿ ಮುಚ್ಚಿದೆಯೆಂದು ವೈದ್ಯರು ಹೇಳಿದ ಮೇಲೆ, ಕುರ್ಚಿಯಿಂದ ಕೈ ಊರದೆ ಏಳುವುದು ಕೂರುವುದು, ಜಗುಲಿಯ ಮೆಟ್ಟಿಲು ಹತ್ತಿ ಇಳಿಯುವುದು, ಅರ್ಧ ಕಿಲೋ ಮರಳು ತುಂಬಿದ ಸಣ್ಣ ಚೀಲವನ್ನು ಪಾದಕ್ಕೆ ಕಟ್ಟಿ ಕಾಲು ನೀಡುವುದು, ಇವೇ ಸಾಕು. ವಾರ ವಾರಕ್ಕೆ ಎಣಿಕೆಯನ್ನೂ ಭಾರವನ್ನೂ ಸ್ವಲ್ಪ ಏರಿಸಬೇಕು. ಏರಿಸದಿದ್ದರೆ ಸ್ನಾಯು ಬೆಳೆಯುವುದಿಲ್ಲ. ಬೆಳಗಿನ ಹೊತ್ತು ಸಮುದ್ರದಂಡೆಯ ಮರಳಿನಲ್ಲಿ ನಡೆಸಿ. ಮೆತ್ತನೆಯ ಮರಳಿನಲ್ಲಿ ಕಾಲಿಗೆ ಹೆಚ್ಚು ಕೆಲಸ ಬೀಳುತ್ತದೆ. ಬಿಸಿಲೇರುವ ಮುನ್ನ ಮನೆ ಸೇರಬೇಕು, ಏಕೆಂದರೆ ಹೊಸ ಚರ್ಮ ಬಿಸಿಲಿಗೆ ಬೇಗ ಕಪ್ಪಾಗುತ್ತದೆ, ಕಸಿ ಮಾಡಿದ ಕಡೆ ಬೆವರೂ ಬರುವುದಿಲ್ಲ. ತಿಂಗಳಿಗೊಮ್ಮೆಯಾದರೂ ಹತ್ತಿರದ ಯಾವುದೇ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೋಗಿ ಕಾಲು ತೋರಿಸಿ ಬನ್ನಿ.

ಊಟದ ವಿಷಯದಲ್ಲಿ ನಿಮ್ಮ ಮನೆಗೆ ಅನುಕೂಲವಿದೆ. 100 ಗ್ರಾಂ ಬಂಗಡೆಯಲ್ಲೋ ತಾರ್ಲೆಯಲ್ಲೋ ಹದಿನೆಂಟು ಇಪ್ಪತ್ತು ಗ್ರಾಂ ಪ್ರೋಟೀನ್ ಸಿಗುತ್ತದೆ. ಗಾಯಕ್ಕೆ ಮೀನು ಆಗದು ಎಂಬ ಮಾತನ್ನು ನಂಬಬೇಡಿ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆ ನಿಂತಾಗ ಒಣ ಮೀನೊಂದನ್ನೇ ನೆಚ್ಚದೆ, ದಿನಕ್ಕೆರಡು ಮೊಟ್ಟೆ ಮತ್ತು ಬೇಳೆಯಿಂದ ಆ ಜಾಗ ತುಂಬಿಸಿ. ವ್ಯಾಯಾಮ ಮುಗಿದ ಕೂಡಲೇ ಏನಾದರೂ ತಿನ್ನಿಸುವುದು ಒಳ್ಳೆಯದು.

ಪ್ರಶ್ನೆ: ಸುಟ್ಟ ಗಾಯದಿಂದ ಸಣಕಲಾದ ಹನ್ನೆರಡು ವರ್ಷದ ತಮ್ಮನಿಗೆ ಜಿಮ್‌ನವರು ಕೊಡುವ ಪ್ರೋಟೀನ್ ಪುಡಿ, ಮೈ ಬರುವ ಮಾತ್ರೆ ಕೊಡಬಹುದೇ? (ಹೊನ್ನಾವರದಿಂದ)

ಉತ್ತರ: ಮಾತ್ರೆ ಖಂಡಿತ ಬೇಡ. ಪುಡಿ ಊಟದಿಂದ ಲೆಕ್ಕ ಮುಟ್ಟದಿದ್ದರೆ ಮಾತ್ರ, ಅದೂ ವೈದ್ಯರು ಅಥವಾ ಆಹಾರತಜ್ಞರು ಹೇಳಿದ್ದನ್ನೇ ಕೊಡಿ. ಆಕ್ಸಾಂಡ್ರೊಲೋನ್ ಎಂಬ ಸ್ನಾಯು ಬೆಳೆಸುವ ಹಾರ್ಮೋನನ್ನು ಸುಟ್ಟ ಗಾಯದ ಮಕ್ಕಳಿಗೆ ದೊಡ್ಡ ಕೇಂದ್ರಗಳಲ್ಲಿ ಕೊಡುತ್ತಿದ್ದುದು ನಿಜ. ಯಕೃತ್ತಿನ ಮೇಲೆ ಕಣ್ಣಿಟ್ಟು ಕೊಡಬೇಕಾದ ಔಷಧ ಅದು. ಅದಕ್ಕಿದ್ದ ಅನುಮೋದನೆಯನ್ನು ಅಮೆರಿಕದ ಔಷಧ ನಿಯಂತ್ರಕರು 2023ರಲ್ಲಿ ಹಿಂಪಡೆದರು. ಅಂಗಡಿಯಲ್ಲೋ ಜಿಮ್‌ನಲ್ಲೋ ಸಿಗುವ ಹೆಸರಿಲ್ಲದ ಮಾತ್ರೆಗಳಲ್ಲಿ ಇಂಥವೇ ಹಾರ್ಮೋನುಗಳು ಬೆರೆತಿರಬಹುದು. ಬೆಳೆಯುವ ಹುಡುಗನಲ್ಲಿ ಅವು ಮೂಳೆ ಬೆಳೆಯುವ ತುದಿಗಳನ್ನು ಬೇಗ ಮುಚ್ಚಿಸಿ ಎತ್ತರವನ್ನೇ ನಿಲ್ಲಿಸಿಬಿಡುತ್ತವೆ.

ಪ್ರಶ್ನೆ: ನಾನು ಕುಮಟಾ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕಿ. ಸುಟ್ಟ ಗಾಯದಿಂದ ಚೇತರಿಸಿಕೊಂಡ ಮೂರನೆಯ ತರಗತಿಯ ಹುಡುಗನೊಬ್ಬ ಏಳು ತಿಂಗಳ ಬಳಿಕ ಶಾಲೆಗೆ ಬಂದಿದ್ದಾನೆ. ಮೈಗೆ ಬಿಗಿಯಾದ ಉಡುಪು ತೊಟ್ಟಿರುತ್ತಾನೆ, ಬೇಗ ಸುಸ್ತಾಗುತ್ತಾನೆ, ಜೊತೆಯವರಿಗಿಂತ ಗಿಡ್ಡಗಾಗಿ ಕಾಣುತ್ತಾನೆ. ಆಟದ ಅವಧಿಯಲ್ಲಿ ಅವನನ್ನು ಕೂರಿಸಬೇಕೇ?

ಉತ್ತರ: ಕೂರಿಸಬೇಡಿ, ಮೇಡಂ. ಸುಸ್ತು ಸೋಮಾರಿತನವಲ್ಲ, ಅವನ ಸ್ನಾಯು ಇನ್ನೂ ತುಂಬಿಕೊಂಡಿಲ್ಲ. ನಡುನಡುವೆ ಕುಳಿತು ಸುಧಾರಿಸಿಕೊಳ್ಳಲು ಬಿಟ್ಟು ಆಟಕ್ಕೆ ಸೇರಿಸಿಕೊಳ್ಳುವುದೇ ಅವನಿಗೆ ಬೇಕಾದ ಚಿಕಿತ್ಸೆ. ದೊಡ್ಡ ಸುಟ್ಟ ಗಾಯವಾದ ಮಕ್ಕಳ ಎತ್ತರ ಮೊದಲ ಒಂದೆರಡು ವರ್ಷ ನಿಧಾನವಾಗಿ ಏರುವುದೂ ಮೇಲೆ ಹೇಳಿದ ಚಯಾಪಚಯದ, ಅಂದರೆ ದೇಹ ಶಕ್ತಿಯನ್ನೂ ಪ್ರೋಟೀನನ್ನೂ ಬಳಸುವ ಕ್ರಮದ, ಏರುಪೇರಿನಿಂದಲೇ. ಮೂಳೆಯ ಸಾಂದ್ರತೆಯೂ ಇಳಿದಿರುತ್ತದೆ, ಸುಟ್ಟು ಮಾಗಿದ ಚರ್ಮ ಬಿಸಿಲಿನಿಂದ ವಿಟಮಿನ್ ಡಿ ತಯಾರಿಸುವುದೂ ಕಡಿಮೆ. ಹಾಗಾಗಿ ಓಟ, ಲಗೋರಿ, ಹಗ್ಗ ಜಗ್ಗುವುದು ಆಗಲಿ. ಕಬಡ್ಡಿಯಂತೆ ಕೆಡವಿ ಬೀಳಿಸುವ ಆಟಗಳನ್ನು ಅವನ ವೈದ್ಯರು ಒಪ್ಪಿಗೆ ಕೊಡುವವರೆಗೆ ತಡೆಯಿರಿ. ವಿಟಮಿನ್ ಡಿ ಪರೀಕ್ಷೆಯಾಗಿದೆಯೇ ಎಂದು ವೈದ್ಯರನ್ನು ಕೇಳುವಂತೆ ಮನೆಯವರಿಗೆ ತಿಳಿಸಿ.

ಕಲೆ ಉಬ್ಬದಂತೆ ಒತ್ತಿ ಹಿಡಿಯುವ ಆ ಬಿಗಿ ಉಡುಪನ್ನು ಸ್ನಾನದ ಹೊತ್ತು ಬಿಟ್ಟು ದಿನದ 23 ಗಂಟೆಯೂ ತೊಡಬೇಕು, ಅದೂ ಒಂದು ವರ್ಷಕ್ಕೂ ಮೇಲ್ಪಟ್ಟು. ಕರಾವಳಿಯ ಸೆಕೆಯಲ್ಲಿ ಅದು ಸಣ್ಣ ಕಷ್ಟವಲ್ಲ. ಕಸಿ ಮಾಡಿದ ಚರ್ಮ ಬೆವರದಿರುವುದರಿಂದ ಅವನ ಮೈ ಬೇಗ ಕಾಯುತ್ತದೆ. ಫ್ಯಾನಿನ ಕೆಳಗೆ ಜಾಗ ಕೊಡಿ, ನೀರಿನ ಬಾಟಲಿ ಕೈಗೆಟುಕಲಿ, ಆಟದ ಅವಧಿಯನ್ನು ಸಾಧ್ಯವಾದರೆ ಬೆಳಗಿಗೆ ಹೊಂದಿಸಿ. ತುರಿಕೆಯಿಂದ ಅವನು ಪಾಠದ ನಡುವೆ ಕುಳಿತಲ್ಲಿ ಚಡಪಡಿಸಿದರೆ ಗದರಬೇಡಿ, ಎದ್ದು ಹೋಗಿ ಒದ್ದೆ ಬಟ್ಟೆಯಿಂದ ಒತ್ತಿಕೊಂಡು ಬರಲು ಬಿಡಿ.

ಕ್ಷೀರಭಾಗ್ಯದ ಹಾಲು, ಬಿಸಿಯೂಟದ ಬೇಳೆ, ಅವನು ತಿನ್ನುವವನಾದರೆ ಮೊಟ್ಟೆ, ಇವು ಅವನ ಪಾಲಿಗೆ ತಪ್ಪದಂತೆ ನೋಡಿಕೊಳ್ಳಿ. ತಟ್ಟೆಯಲ್ಲಿ ಅನ್ನ ಕಡಿಮೆಯಾದರೂ ಸರಿ, ಬೇಳೆ ಉಳಿಯಬಾರದು. ಅವನ ಎತ್ತರ, ತೂಕ ಎರಡನ್ನೂ ಮೂರು ತಿಂಗಳಿಗೊಮ್ಮೆ ಅಳೆದು, ಒಂದು ಹಾಳೆಯಲ್ಲಿ ದಿನಾಂಕದೊಡನೆ ಬರೆದು ತಂದೆತಾಯಿಗೆ ಕೊಡಿ. ಮುಂದಿನ ತಪಾಸಣೆಗೆ ಹೋಗುವಾಗ ಆ ಹಾಳೆ ಅವರ ಕೈಯಲ್ಲಿದ್ದರೆ ವೈದ್ಯರಿಗೆ ಬಹಳ ಉಪಯೋಗ. ಆರು ತಿಂಗಳಲ್ಲಿ ಎತ್ತರ ಒಂದಿಷ್ಟೂ ಏರದಿದ್ದರೆ, ಅಥವಾ ತೂಕ ಮತ್ತೆ ಇಳಿಯತೊಡಗಿದರೆ, ತಪಾಸಣೆಯ ದಿನಕ್ಕೆ ಕಾಯದೆ ಕಳಿಸಿ.